ಒಂದೇ ಸಲ ಹೇಳುವ ನಿಯಮ

೧೯೯೮ರ ಏಪ್ರಿಲ್ ೧೬, ಗುರುವಾರ, ಬೆಳಿಗ್ಗೆ ಹತ್ತೂಕಾಲು. ತಂಗಿಯ ಬಗ್ಗೆ ನಾನಿಟ್ಟ ಎಣಿಕೆ ಶುರುವಾದದ್ದು ಆಗ. ನೋಟ್‌ಪುಸ್ತಕದಲ್ಲಿ ಹಾಗೇ ಬರೆದಿದೆ. ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆಗಳಿವೆ.

ಆ ದಿನಗಳಲ್ಲಿ ನನಗೆ ಸಿಕ್ಕಿದ್ದನ್ನೆಲ್ಲ ಎಣಿಸುವ ಚಟವಿತ್ತು. ಆಗ ನಾನು ಹತ್ತು ವರ್ಷದ ಹುಡುಗಿ. ಬೀದಿಯಲ್ಲಿ ಹೋದ ಸೈಕಲ್ಲುಗಳು, ಕುಂಟೆಬಿಲ್ಲೆಯಲ್ಲಿ ಯಾರು ಎಷ್ಟು ಗೆದ್ದರು ಎಂಬುದು, ಅಮ್ಮ ಹುಯ್ದ ದೋಸೆ, ಎಲ್ಲಕ್ಕೂ ತಾರೀಕು ಹಾಕಿ ಬರೆದಿಡುತ್ತಿದ್ದೆ. ನಿಮ್ಮಲ್ಲೂ ಕೆಲವರಿಗೆ ಇಂಥ ಪುಸ್ತಕ ಇದ್ದೀತು. ನನ್ನದರಲ್ಲಿ ಹೆಚ್ಚು ಪುಟ ತುಂಬಿರುವುದು ಟ್ರಂಕುಗಳ ಲೆಕ್ಕ.

ತುಮಕೂರಿನಲ್ಲಿ ನಮಗೆ ಬೇಸಿಗೆಯೆಂದರೆ ಟ್ರಂಕಿನ ಕಾಲ. ಜೂನಿನಲ್ಲಿ ಹಾಸ್ಟೆಲ್ ಸೇರುವ ಹುಡುಗರು ಗುಬ್ಬಿ, ಕುಣಿಗಲ್ ಕಡೆಯಿಂದ ಅಪ್ಪಂದಿರ ಜೊತೆ ಬಂದು, ಹಸಿರು ಪೇಂಟಿನ ಮುಚ್ಚಳದ ಮೇಲೆ ಹೆಸರು, ಊರು ಬರೆಸಿಕೊಂಡು ಹೋಗುತ್ತಿದ್ದರು. ಬಷೀರ್ ಮಾಮನ ಟ್ರಂಕಿನ ಅಂಗಡಿಯಲ್ಲಿ ಅಪ್ಪ ತಗಡು ಕತ್ತರಿಸಿ ಮಡಿಸುವ ಕೆಲಸ ಮಾಡುತ್ತಿದ್ದರು. ರಜೆಯಲ್ಲಿ ನಾನೂ ತಂಗಿ ಕಮಲಿಯೂ ಮಧ್ಯಾಹ್ನದ ಬುತ್ತಿ ತೆಗೆದುಕೊಂಡು ಹೋದರೆ ಸಂಜೆಯವರೆಗೆ ಅಲ್ಲೇ ಉಳಿಯುತ್ತಿದ್ದೆವು. ಪೇಂಟ್, ಸೀಮೆಎಣ್ಣೆ, ಕಾದ ತಗಡಿನ ವಾಸನೆಯ ನಡುವೆಯೇ ಉಪ್ಪುಕಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದೆವು. ನಾಲ್ಕು ಗಂಟೆಗೆ ಬಷೀರ್ ಮಾಮ ತರಿಸುವ ಚಹಾದಲ್ಲಿ ಬನ್ನು ಅದ್ದಿದರೆ ಅದಕ್ಕೂ ತುಸು ಪೇಂಟಿನ ರುಚಿ.

ನಾಲ್ಕು ಸುತ್ತಿಗೆಗಳು ಒಟ್ಟಿಗೆ ಬಡಿಯುವ ಆ ಅಂಗಡಿಯಲ್ಲಿ ಮಾತಾಡಲು ಒಂದು ಕ್ರಮವಿತ್ತು. ಮೊದಲು ಮಾತಾಡಿಸಬೇಕಾದವನ ಭುಜ ತಟ್ಟಬೇಕು. ಅವನು ತಿರುಗಿದ ಮೇಲೆ ಮುಖಕ್ಕೆ ಮುಖ ತಂದು, ಬಾಯಿ ಅಗಲಿಸಿ, ಕೈಯಲ್ಲಿ ಅಳತೆ ತೋರಿಸಿ ಹೇಳಬೇಕು. ಇದನ್ನು ಯಾರೂ ಕಲಿಸಿದ್ದಲ್ಲ. ಬಾಗಿಲು ದಾಟಿ ಒಳಗೆ ಬಂದರೆ ನಾವೂ ಹಾಗೇ ಮಾತಾಡುತ್ತಿದ್ದೆವು, ಹೊರಗೆ ಹೋದರೆ ಮರೆಯುತ್ತಿದ್ದೆವು.

ಕಮಲಿಗೆ ಆಗ ಐದು ವರ್ಷ. ಮಾತು ಕಡಿಮೆ. ಇದ್ದದ್ದೂ ತೊದಲು. ಕರೆದರೆ ತಲೆಯೆತ್ತುತ್ತಿದ್ದಳು, ಹೇಳಿದ್ದು ಮಾತ್ರ ತಿಳಿಯುತ್ತಿರಲಿಲ್ಲ. "ಏನಂದೆ?" ಎಂದು ಕೇಳುವಳು. ಇನ್ನೊಮ್ಮೆ ಹೇಳಿದರೆ ಮತ್ತೆ "ಏನಂದೆ?" ಕಿವಿ ಡಾಕ್ಟರು ಗಂಟೆ ಬಾರಿಸಿ ನೋಡಿ, ಶಬ್ದವೇನೋ ಕೇಳುತ್ತಿದೆ, ಆದರೂ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದು ಚೀಟಿ ಕೊಟ್ಟಿದ್ದರು. ಮಲಗಿಸಿ, ತಲೆಗೆ ತಂತಿ ಅಂಟಿಸಿ, ಕಿವಿಗೆ ಬಿದ್ದದ್ದು ಮೆದುಳಿನ ಕಡೆಗೆ ಹೇಗೆ ಹೋಗುತ್ತದೆಂದು ನೋಡುವ ಪರೀಕ್ಷೆಯಂತೆ. ಮೇ ೪ಕ್ಕೆ ಬರಹೇಳಿದ್ದರು.

ಅಪ್ಪನಿಗೆ ಮನಸ್ಸಿರಲಿಲ್ಲ. "ಸೀಜನ್ನಲ್ಲಿ ಅಂಗಡಿ ಬುಟ್ಟು ಹೋಗೋದಾ? ಗಂಟೆ ಕೇಳ್ತದೆ ಅಂತ ಡಾಕ್ಟ್ರೇ ಹೇಳವ್ರೆ" ಎಂದರು.

"ಕೇಳ್ತದೆ, ತಿಳಿಯಲ್ವಲ್ಲ. ಜೂನ್‌ಗೆ ಸ್ಕೂಲಿಗೆ ಹಾಕ್ಬೇಕು. ಮೇಷ್ಟ್ರು ಹೇಳಿದ್ದು ಮಗೀಗೆ ತಿಳೀದೆ ಹೋದ್ರೆ ಏನ್ ಗತಿ?" ಎಂದರು ಅಮ್ಮ.

ಅಪ್ಪ ನನ್ನ ಕಡೆ ತಿರುಗಿದರು. "ಗಿರಿ, ಎಲ್ಲಾನೂ ಬರೀತೀಯಲ್ಲ, ಇದ್ನೂ ಬರಿ. ಎಷ್ಟು ಹೇಳಿದ್ರೆ ಎಷ್ಟು ತಿಳೀತದೆ, ನೋಡೇ ಬುಡಾಣ."

ನನಗೆ ಹೆಮ್ಮೆಯಾಯಿತು. ಇಪ್ಪತ್ತು ಸಣ್ಣ ಸಣ್ಣ ಮಾತು ಬರೆದುಕೊಂಡೆ: ಚೆಂಡು ತಾ, ನೀರು ಕುಡಿ, ಬಾಗಿಲು ಹಾಕು. ಮನೆಯಲ್ಲಿ ಅವಳು ನೆಲದ ಮೇಲೆ ಆಡುತ್ತಿದ್ದಾಗ ಬೆನ್ನ ಹಿಂದೆ ನಿಂತು ಒಂದೊಂದೇ ಹೇಳಿದೆ. ಅಂಗಡಿಯಲ್ಲಿ, ಅಲ್ಲಿನ ರೂಢಿಯಂತೆ, ಭುಜ ತಟ್ಟಿ ಹೇಳಿದೆ. ಮೂರು ದಿನ ಹಾಗೇ ಮಾಡಿದೆ. ಮನೆಯಲ್ಲಿ ಅರವತ್ತಕ್ಕೆ ಹನ್ನೊಂದು. ಅಂಗಡಿಯಲ್ಲಿ ಅರವತ್ತಕ್ಕೆ ಐವತ್ತೆರಡು.

ಬಷೀರ್ ಮಾಮ ನನ್ನ ಪುಸ್ತಕಕ್ಕೆ ಇಣುಕಿ ನಕ್ಕರು. "ಏನ್ ಪುಟ್ಟಿ, ನನ್ದೂ ಟೆಸ್ಟ್ ಮಾಡ್ತೀಯಾ? ಸುತ್ತಿಗೆ ಹೊಡ್ದೂ ಹೊಡ್ದೂ ನನ್ ಕಿವಿ ಯಾವತ್ತೋ ಹೋಯ್ತು. ಮೂತಿ ನೋಡ್ಕೊಂಡೇ ಯಾಪಾರ ಮಾಡ್ತಾ ಇದೀನಿ!"

"ಅದ್ಕೇ ಸಂಬಳ ಜಾಸ್ತಿ ಮಾಡು ಅಂದ್ರೆ ಆಕಡೆ ತಿರುಕ್ಕೊಂಬುಡ್ತೀಯ" ಎಂದರು ಅಪ್ಪ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ತಮಾಷೆ ಬರೆದುಕೊಳ್ಳಲು ನನ್ನ ಪುಸ್ತಕದಲ್ಲಿ ಅಂಕಣ ಇರಲಿಲ್ಲ.

ಏಪ್ರಿಲ್ ೧೯ರ ಭಾನುವಾರ ಲೆಕ್ಕ ಒಪ್ಪಿಸಿದೆ. ಅಪ್ಪ ಎರಡು ಸಲ ಓದಿದರು. "ಅಷ್ಟು ಗಲಾಟೇಲಿ ಎಲ್ಲಾ ತಿಳೀತದೆ, ಸದ್ದಿಲ್ಲದ ಮನೇಲಿ ತಿಳಿಯಕಿಲ್ವಾ? ನೋಡ್ದಾ ಹೆಂಗೆ ಆಟ ಕಟ್ತಾಳೆ!"

"ಐದು ವರ್ಷದ ಮಗು ಏನ್ ಆಟ ಕಟ್ತದೆ ಬುಡಿ" ಎಂದು ಅಮ್ಮ ಹೇಳಿ ನೋಡಿದರು.

"ಗಿರಿ ಬರ್ದವ್ಳಲ್ಲೇ, ಸುಳ್ಳಾ?"

ಅಮ್ಮ ನನ್ನನ್ನು ನೋಡಿದರು. ಸುಳ್ಳಲ್ಲ ಎಂದೆ. ಬೆಂಗಳೂರಿನ ಮಾತು ಅಲ್ಲಿಗೇ ನಿಂತಿತು. ಅವತ್ತಿನಿಂದ ಮನೆಯಲ್ಲಿ ಹೊಸ ನಿಯಮ ಬಂತು: ಕಮಲಿಗೆ ಯಾವುದನ್ನೂ ಒಂದೇ ಸಲ ಹೇಳುವುದು. "ಏನಂದೆ" ಎಂದರೆ ಉತ್ತರ ಕೊಡುವ ಹಾಗಿಲ್ಲ. ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಮಗಳು ಸೋಮಾರಿಯಾಗಬಾರದು ಎಂದು. ಒಮ್ಮೆ ಮಾತ್ರ ಕೆನ್ನೆಗೆ ಹೊಡೆದರು.

ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವಳು ನಾನು. ದಿನಕ್ಕೆ ಎಷ್ಟು ಸಲ "ಏನಂದೆ" ಎನ್ನುತ್ತಾಳೆಂದು ಬರೆದಿಟ್ಟೆ. ಏಪ್ರಿಲ್ ೨೦: ಮೂವತ್ತೊಂದು. ಮೇ ೧೦: ಹದಿನಾಲ್ಕು. ಹಾಸ್ಟೆಲ್ ಹುಡುಗರೆಲ್ಲ ಟ್ರಂಕು ಹೊತ್ತುಕೊಂಡು ಹೋದ ಮೇಲೆ, ಜೂನ್ ೨೦: ಎರಡು. ಅದರ ಮುಂದೆ ಕೆಂಪು ಇಂಕಿನಲ್ಲಿ "ಸುಧಾರಿಸಿದ್ದಾಳೆ" ಎಂದು ಬರೆದಿದ್ದೇನೆ. ಅಕ್ಷರ ಗುಂಡಾಗಿದೆ.

ಕೇಳುವುದನ್ನು ಬಿಟ್ಟು ಅವಳು ತಲೆಯಾಡಿಸಲು ಕಲಿತಿದ್ದಳು. ಏನು ಹೇಳಿದರೂ ಹೂಂ. ಊಟ ಆಯ್ತಾ, ಹೂಂ. ಹೊಟ್ಟೆ ನೋಯ್ತಿದ್ಯಾ, ಹೂಂ. ಶಾಲೆಯಲ್ಲೂ ಹಾಗೇ. ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಹೂಂ ಎಂದಳು. ಮೂರನೆಯ ತರಗತಿ ದಾಟಿದರೂ ಓದಲು ಬಾರದಿದ್ದಾಗ ಅಮ್ಮ ಅಪ್ಪನನ್ನು ಕೇಳಲಿಲ್ಲ. ಹಳೆಯ ಚೀಟಿ ಹುಡುಕಿ, ಸೆರಗಿಗೆ ಗಂಟು ಹಾಕಿಕೊಂಡು, ಕಮಲಿಯನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಅಪ್ಪ ಮೊದಲೇ ಹೋಗಿ ಸೀಟು ಹಿಡಿದಿದ್ದರು. ಅದು ೨೦೦೧ರ ಅಕ್ಟೋಬರ್ ೧೨, ಶುಕ್ರವಾರ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಮೇಡಂ ಮೊದಲು ಅವಳ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟರು. ಚೆನ್ನಾಗಿರುವ ಕಿವಿ ಶಬ್ದ ಕೇಳಿದಾಗ ತಾನೂ ಒಂದು ಸಣ್ಣ ಸದ್ದು ಹೊರಡಿಸುತ್ತದಂತೆ. ಕಮಲಿಯ ಕಿವಿ ಹೊರಡಿಸಿತು. ಆಮೇಲೆ ಅವಳನ್ನು ಮಲಗಿಸಿ, ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿದರು. ಟಿಕ್ ಟಿಕ್ ಸದ್ದು ಕೇಳಿಸಿದರು. ಪರದೆಯ ಮೇಲೆ ಅಲೆ ಏಳಬೇಕಿತ್ತು. ಗೆರೆ ಮಲಗಿಯೇ ಇತ್ತು.

"ಕಿವಿ ಶಬ್ದ ಹಿಡೀತಾ ಇದೆ. ಆದ್ರೆ ಅದನ್ನ ಮೆದುಳಿಗೆ ಮುಟ್ಟಿಸೋ ನರದ ತಾಳ ತಪ್ಪಿದೆ. ಶಬ್ದ ಆಯ್ತು ಅಂತ ಗೊತ್ತಾಗುತ್ತೆ, ಏನು ಮಾತು ಅಂತ ಗೊತ್ತಾಗಲ್ಲ" ಎಂದರು ಮೇಡಂ.

ಅಪ್ಪ ಪರದೆಯ ಕಡೆ ಬಾಗಿದರು. "ನಾಕು ಜನ ನಾಕು ತಾಳಕ್ಕೆ ಸುತ್ತಿಗೆ ಹೊಡ್ದಂಗಾ, ಮೇಡಂ?"

"ಸರಿಯಾಗಿ ಹೇಳಿದ್ರಿ."

"ಮತ್ತೆ ನಮ್ ಅಂಗ್ಡೀಲಿ ಅಷ್ಟು ಗಲಾಟೇಲೂ ಎಲ್ಲಾ ತಿಳೀತದಲ್ಲ?"

ಮೇಡಂ ಒಂದು ರಟ್ಟಿನಿಂದ ಬಾಯಿ ಮುಚ್ಚಿಕೊಂಡು ಹತ್ತು ಪದ ಹೇಳಿದರು. ಕಮಲಿ ಎರಡನ್ನು ತಿರುಗಿ ಹೇಳಿದಳು. ರಟ್ಟು ತೆಗೆದು ಬೇರೆ ಹತ್ತು ಹೇಳಿದರು. ಒಂಬತ್ತು. "ಅಂಗಡೀಲಿ ನೀವೆಲ್ಲ ಹೇಗೆ ಮಾತಾಡ್ತೀರಿ?" ಎಂದರು.

ಅಪ್ಪನ ಕೈ ತಾನಾಗಿ ಎದ್ದು ಪಕ್ಕದಲ್ಲಿದ್ದ ಅಮ್ಮನ ಭುಜ ತಟ್ಟಿತು. ಅಮ್ಮ ತಿರುಗಿ ಅವರ ಮುಖ ನೋಡಿದರು.

"ಐದು ವರ್ಷಕ್ಕೇ ಬಂದಿದ್ರೆ ಮಾತು ಕಲಿಸೋದು ಇನ್ನೂ ಸುಲಭ ಇರ್ತಿತ್ತು. ಪರವಾಗಿಲ್ಲ, ಈಗ್ಲೂ ಶುರು ಮಾಡೋಣ" ಎಂದರು ಮೇಡಂ. ಮನೆಗೆ ಬರುವವರೆಗೆ ಅಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಪಾಠಗಳು ನಡೆದವು. ಎದುರು ಕೂತು, ಮುಖ ತೋರಿಸಿ, ನಿಧಾನವಾಗಿ ಹೇಳುವುದನ್ನು ಮನೆಯವರೆಲ್ಲ ಕಲಿತೆವು. ಮತ್ತೆ ಒಂದನೆಯ ತರಗತಿಯಿಂದ ಶುರು ಮಾಡಿ ಕಮಲಿ ಓದಲು ಕಲಿತಳು. ಈಗ ಹದಿನಾರು ವರ್ಷ, ಒಂಬತ್ತನೆಯ ತರಗತಿ. ಈ ವರ್ಷ, ೨೦೦೯ರ ಆಗಸ್ಟ್ ೧೮ರಂದು, ಮೆದುಳು ಮಾತನ್ನು ಹೇಗೆ ಹಿಂಬಾಲಿಸುತ್ತದೆಂದು ಅಧ್ಯಯನ ಮಾಡುವವರು ಬೆಂಗಳೂರಿಗೆ ಕರೆದಿದ್ದರು. ಅವಳ ತಲೆಗೆ ಬಲೆಯಂಥ ಟೋಪಿ ಹಾಕಿದರು, ತುಂಬ ತಂತಿ. ಮಾತಿನ ಏರಿಳಿತ ಒಂದು ಗೆರೆ, ಅವಳ ಮೆದುಳಿನದು ಇನ್ನೊಂದು. ಮಾತಾಡುವವರ ಮುಖ ಕಂಡಾಗ ಎರಡೂ ಸುಮಾರಾಗಿ ಜೊತೆಗೆ ನಡೆಯುತ್ತಿದ್ದವು. ಮುಖ ಮರೆಯಾದರೆ ಬೇರೆಯಾಗುತ್ತಿದ್ದವು. ಐದು ವರ್ಷದವಳಾಗಿದ್ದಾಗಿನ ಅವಳ ತಲೆಯೊಳಗನ್ನೇ ನೋಡುತ್ತಿದ್ದೇನೆ ಅನ್ನಿಸಿತು.

ಅರ್ಧಕ್ಕೆ ಮುಖ ಕಾಣುವಂತೆ, ಅರ್ಧಕ್ಕೆ ಕಾಣದಂತೆ ನಲವತ್ತು ವಾಕ್ಯ ಕೇಳಿಸಿದರು. ಪ್ರತಿಯೊಂದಾದ ಮೇಲೂ ಮೊದಲು "ತಿಳೀತಾ?" ಎಂದು ಕೇಳಿ, ಆಮೇಲೆ ತಿರುಗಿ ಹೇಳಿಸಿದರು. ಎಣಿಸುವುದು ಇನ್ನೂ ಬಿಟ್ಟಿಲ್ಲ ನಾನು. ತಿಳಿಯಿತೆಂದು ತಲೆಯಾಡಿಸಿದ್ದು ನಲವತ್ತು. ಸರಿಯಾಗಿ ಹೇಳಿದ್ದು ಹದಿನಾರು.

"ತಿಳೀದೇ ಇದ್ರೆ ಇನ್ನೊಂದ್ಸಲ ಹೇಳಿ ಅಂತ ಕೇಳಬಹುದು ಕಮಲಾ" ಎಂದಳು ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ಮುಖ ತೋರಿಸಿ, ನಿಧಾನವಾಗಿ. ಕಮಲಿ ಅದಕ್ಕೂ ತಲೆಯಾಡಿಸಿದಳು. ಕೇಳಲಿಲ್ಲ.

ನರದ ತೊಂದರೆ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾರೂ ಹೊಣೆಯಲ್ಲ ಎಂದರು ಅಲ್ಲಿನವರು. ದಿನಕ್ಕೆ ಮೂವತ್ತೊಂದು ಸಲ ನಮ್ಮನ್ನು ಕೇಳುತ್ತಿದ್ದ ಹುಡುಗಿಯನ್ನು ಎರಡಕ್ಕೆ ಇಳಿಸಿದ್ದು ಯಾವ ನರವೂ ಅಲ್ಲ, ನಾವು. ಯಾವ ತಂತಿಗೂ ಅದು ಕಾಣುವುದಿಲ್ಲ. ಮನೆಯಲ್ಲಿ ಈಗ ಒಂದನ್ನು ನಾಲ್ಕು ಸಲ ಹೇಳಲೂ ತಯಾರಿದ್ದೇವೆ. ಅಪ್ಪ ತಾವಾಗಿಯೇ ಎರಡೆರಡು ಸಲ ಹೇಳುತ್ತಾರೆ. ಅವಳು "ಏನಂದೆ" ಎಂದು ಕೇಳುವುದಿಲ್ಲ, ನಗುತ್ತಾಳೆ, ಹೂಂ ಎನ್ನುತ್ತಾಳೆ.

ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಇಂಥ ಮಗುವಿದ್ದರೆ, ಒಮ್ಮೆ ಹೆದರಿ ಸುಮ್ಮನಾದದ್ದು ಮತ್ತೆ "ಏನಂದೆ" ಎಂದು ಕೇಳಲು ಶುರು ಮಾಡಿದ್ದರೆ, ಅದು ಹೇಗಾಯಿತು, ಎಷ್ಟು ದಿನ ಹಿಡಿಯಿತು, ದಯವಿಟ್ಟು ನನಗೆ ಬರೆದು ತಿಳಿಸಿ.