ಮುನಿಯಕ್ಕ ಹೇಳಿದ್ದು, ನಾನು ಹೇಳಿದ್ದು

ಮುನಿಯಕ್ಕ, ಅವತ್ತು ಸಭೆಯಲ್ಲಿ ನೀನು ಹೇಳಿದ ಮಾತನ್ನು ನಾನು ದೊರೆಸಾನಿಗೆ ಹೇಳಲಿಲ್ಲ. ಗಂಡ ರಕ್ತ ಕಾರುತ್ತಿದ್ದಾನೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನೀನು ಕೈಮುಗಿದು ಕೇಳಿದೆ. ಅವನಿಗೆ ವಾಸಿಯಾಗಿದೆ, ಕೃತಜ್ಞತೆ ಹೇಳಲು ಬಂದಿದ್ದಾಳೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಿನ್ನ ಮಾತು ಅರ್ಥವಾಗದೆ ಅಲ್ಲ. ಇಂಗ್ಲಿಷು ಬಾರದೆ ಅಲ್ಲ. ತಿಳಿದೂ ತಿಳಿದೂ ಹೇಳಿದೆ.

ಇಷ್ಟು ಬರೆಯಲು ನನಗೆ ಹದಿನೆಂಟು ವರ್ಷ ಹಿಡಿಯಿತು. ಉಳಿದದ್ದನ್ನೂ ಬರೆದೇಬಿಡುತ್ತೇನೆ, ಮತ್ತೆ ಧೈರ್ಯ ಬರುತ್ತದೋ ಇಲ್ಲವೋ.

ಆಗ ನನ್ನ ಬಗ್ಗೆ ನಿನಗೆ ಏನು ಗೊತ್ತಿತ್ತು? ಬೆಳಿಗ್ಗೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಬಂದು, ಉರಿಗಾಂನಲ್ಲಿ ಪಾಠ ಹೇಳಿ, ಸಂಜೆ ಅದೇ ರೈಲಿನಲ್ಲಿ ಹಿಂತಿರುಗುವ ಟೀಚರಮ್ಮ — ಅಷ್ಟೆ. ನಿನ್ನ ಮಗಳು ಲಕ್ಷ್ಮಿ ನನ್ನ ಎರಡನೇ ಕ್ಲಾಸಿನಲ್ಲಿದ್ದಳು. ನೀನು ನನಗಿಂತ ಹತ್ತು ವರ್ಷ ದೊಡ್ಡವಳು. ಆದರೂ ನೀನು ನನ್ನನ್ನು ‘ನೀವು’ ಅನ್ನುತ್ತಿದ್ದೆ, ನಾನು ಅಕ್ಕ ಎಂದು ಕರೆದೂ ನಿನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಈ ಕಾಗದದಲ್ಲೂ ನೋಡು, ಅದೇ ಚಾಳಿ.

ಆ ವರ್ಷ ಬೇಸಿಗೆ ರಜೆಯಲ್ಲಿ ನಮ್ಮ ಚರ್ಚಿನ ಸಭೆಗೆ ಹೊರದೇಶದಿಂದ ಒಂಬತ್ತು ಜನ ಬಂದಿದ್ದರು. ಹನ್ನೆರಡು ದಿನದ ಸೇವೆ. ಚಿನ್ನದ ಗಣಿ ಕೆಲಸಗಾರರ ಸಾಲು ಸಾಲು ಲೈನ್ ಮನೆಗಳಲ್ಲಿ ಮಕ್ಕಳಿಗೆ ಹಾಡು ಕಲಿಸುವುದು, ಗಾಯಗಳಿಗೆ ಕಟ್ಟು ಹಾಕುವುದು, ಗೋಡೆಗಳಿಗೆ ಸುಣ್ಣ ಬಳಿಯುವುದು. ಒಳ್ಳೆಯ ಜನ. ಬಿಸಿಲಿಗೆ ಮೈ ಕೆಂಪಾಗಿ ಸುಲಿದುಹೋಗಿದ್ದರೂ ಒಬ್ಬರೂ ನೆರಳಿಗೆ ಹೋಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು — ಇಲ್ಲಿ ತಪ್ಪು ಮಾಡಿದವರು ಅವರಲ್ಲ.

ಅವರಲ್ಲಿ ಒಬ್ಬರು ಡಾಕ್ಟರು. ವಯಸ್ಸಾದ ಹೆಂಗಸು, ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು. ಲೈನಿನವರೆಲ್ಲ ಅವರನ್ನು ದೊರೆಸಾನಿ ಅನ್ನುತ್ತಿದ್ದರು. ಅವರಿಗೆ ಇಂಗ್ಲಿಷ್ ಬಿಟ್ಟು ಏನೂ ಬಾರದು. ತಮಿಳಿನವರ ಮಾತನ್ನು ಅಯ್ಯನವರು, ಅಂದರೆ ನಮ್ಮ ಸಭೆಯ ಪಾಲಕರು, ಇಂಗ್ಲಿಷಿಗೆ ಹೇಳುತ್ತಿದ್ದರು. ಕನ್ನಡ, ತೆಲುಗಿನವರಿಗೆ ನಾನು. ಇಪ್ಪತ್ತಾರು ವರ್ಷದ ಹುಡುಗಿಗೆ ಅದೆಂಥ ಜಂಬ, ಗೊತ್ತಾ? ನಾನು ಬಾಯಿ ತೆರೆಯುವವರೆಗೂ ಎರಡು ಕಡೆಯವರೂ ನನ್ನ ಮುಖ ನೋಡಿಕೊಂಡು ಕೂರುತ್ತಿದ್ದರು.

ಮೂರನೇ ದಿನ ನಿನ್ನ ಮನೆಗೆ ಬಂದೆವು. ನಿನ್ನ ಗಂಡ ವೆಂಕಟಪ್ಪ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಹಗಲೂ ರಾತ್ರಿ ಕೂತೇ ಇರುತ್ತಿದ್ದ. ಕಲ್ಲಿನ ಧೂಳು ಎದೆಗೆ ಇಳಿದಿತ್ತು. ಅವನು ಗಣಿಯ ಖಾಯಂ ಆಳಲ್ಲ, ಮೇಸ್ತ್ರಿಯ ಕೈಕೆಳಗೆ ಕೂಲಿ ಮಾಡಿದವನು, ಹಾಗಾಗಿ ಗಣಿ ಆಸ್ಪತ್ರೆಯ ಚೀಟಿ ಇರಲಿಲ್ಲ. ಡಾಕ್ಟರು ಬಹಳ ಹೊತ್ತು ಎದೆ, ಬೆನ್ನು ಪರೀಕ್ಷೆ ಮಾಡಿದರು. ಎಕ್ಸ್‌ರೇ ಇಲ್ಲದೆ ಏನೂ ಹೇಳಲಾರೆ ಅಂದರು. ಮಾತ್ರೆ ಕೊಟ್ಟರು. ಆಮೇಲೆ ನನಗೆ ಬಿಡಿಸಿ ಬಿಡಿಸಿ ಹೇಳಿದರು: “ಕಫದಲ್ಲಿ ರಕ್ತ ಕಂಡರೆ ನನಗೆ ತಿಳಿಸಬೇಕು. ವಾಪಸು ಹೋಗುವಾಗ ವ್ಯಾನಿನಲ್ಲಿ ಒಂದು ಜಾಗ ಖಾಲಿ ಇದೆ. ಬೆಂಗಳೂರಿನಲ್ಲಿ ನನಗೆ ಗೊತ್ತಿರುವ ಡಾಕ್ಟರಿದ್ದಾರೆ, ನಾನೇ ಸೇರಿಸಿ ಹೋಗುತ್ತೇನೆ.”

ಅದನ್ನು ನಿನಗೆ ಸರಿಯಾಗಿಯೇ ಹೇಳಿದೆ. ಒಂದಕ್ಷರ ಬಿಡಲಿಲ್ಲ. ನೀನು ಎರಡೆರಡು ಸಲ ಕೇಳಿದೆ: “ವ್ಯಾನ್ನಾಗೆ ಜಾಗ ಐತಂತಾ? ದಿಟವಾಗ್ಲೂ?”

ಎಲ್ಲರೂ ವೆಂಕಟಪ್ಪನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆವು. ಕನ್ನಡದಲ್ಲಿ ನಾನೇ ಮಾಡಿದೆ, ಗಟ್ಟಿಯಾಗಿ, ಕಣ್ಣೀರು ಸುರಿಸಿ. ಮಾರನೇ ದಿನ ನೋಡಿದರೆ ಅವನು ಬಾಗಿಲಿನವರೆಗೂ ನಡೆದು ಬಂದು ಗಂಜಿ ಕುಡಿಯುತ್ತಿದ್ದ! ಮಾತ್ರೆಯಿಂದಲೋ, ಕಾಯಿಲೆ ಕೊಟ್ಟ ಬಿಡುವೋ — ಒಂದು ದಿನದ ಮಟ್ಟಿಗೆ ಅಷ್ಟೆ. ನಾನು ಓಡಿಹೋಗಿ ಅವರಿಗೆಲ್ಲ ಹೇಳಿದೆ. ಅವತ್ತು ಬಾಗಿಲಿನವರೆಗೆ ನಡೆದ ಅಂದೆ. ಮರುದಿನ ಬೀದಿಯ ತನಕ ಬಂದ ಅಂದೆ. ಅದರ ಮರುದಿನ ಯಾರೋ ಕೇಳಿದ್ದಕ್ಕೆ ನೀರು ಹೊತ್ತು ತಂದ ಅಂದೆ. ಕಡ್ಡೀನ ಗುಡ್ಡ ಮಾಡುವುದು ಅಂತಾರಲ್ಲ, ಹಾಗೆ. ನಿನ್ನ ಮನೆಗೆ ಮತ್ತೆ ಹೋಗಿ ನೋಡಲೇ ಇಲ್ಲ. ಅವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುವುದು, ನನ್ನ ಕೈ ಹಿಡಿದು “ನಿನ್ನ ಪ್ರಾರ್ಥನೆಯಲ್ಲಿ ಶಕ್ತಿ ಇದೆ” ಎನ್ನುವುದು — ಅದರ ರುಚಿ ಹತ್ತಿಬಿಟ್ಟಿತ್ತು.

ಕೊನೆಯ ದಿನ ಬೀಳ್ಕೊಡುಗೆ. ನಮ್ಮಲ್ಲಿ ಒಂದು ಪದ್ಧತಿ, ಸೇವೆಗೆ ಬಂದವರು ಹೊರಡುವ ಮುಂಚೆ ಸಾಕ್ಷಿ ಹೇಳುವ ಸಭೆ ಆಗಬೇಕು. ಯಾರಿಗೆ ಏನು ಒಳ್ಳೆಯದಾಯಿತು ಎಂದು ಒಬ್ಬೊಬ್ಬರೇ ಮುಂದೆ ಬಂದು ಹೇಳುವುದು. ಅಯ್ಯನವರು ಕನ್ನಡದವರಲ್ಲಿ ಯಾರಿದ್ದಾರೆ ಎಂದು ಕೇಳಿದರು. ವೆಂಕಟಪ್ಪನ ಹೆಸರು ಬರೆಸಿದವಳು ನಾನೇ. ಲಕ್ಷ್ಮಿಯ ಕೈಲಿ ಹೇಳಿಕಳಿಸಿದ್ದೂ ನಾನೇ — ಅಪ್ಪನನ್ನ ಮಧ್ಯಾಹ್ನ ಚರ್ಚಿಗೆ ಬರಹೇಳು, ದೊರೆಸಾನಿ ಕಾಯುತ್ತಾರೆ ಅಂತ. ಯಾಕೆ ಎಂದು ಹೇಳಲಿಲ್ಲ.

ನೀನಾದರೂ ಏನಂದುಕೊಳ್ಳಬೇಕು? ವ್ಯಾನಿಗೇ ಕರೆಯುತ್ತಿದ್ದಾರೆ ಅಂದುಕೊಂಡೆ.

ಗಣಿಯ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿಗೆ ಬಿಳಿ ಧೂಳು ಏಳುತ್ತಿತ್ತು. ಶಾಮಿಯಾನದ ಕೆಳಗೆ ಇನ್ನೂರು ಜನ. ಊಟದ ಏರ್ಪಾಟು ನೋಡಲು ಅಯ್ಯನವರೂ ಇಂಗ್ಲಿಷ್ ಬಲ್ಲ ಹಿರಿಯರೂ ಹಿತ್ತಿಲಿಗೆ ಹೋಗಿದ್ದರು. ನಾನು ವೆಂಕಟಪ್ಪನ ಹೆಸರು ಕರೆದಾಗ ಎದ್ದು ಬಂದವಳು ನೀನೊಬ್ಬಳೇ. ಕಂಕುಳಲ್ಲಿ ಬಟ್ಟೆಗಂಟು. ಅದರಲ್ಲಿ ಅವನ ಎರಡು ಪಂಚೆ, ಒಂದು ತಟ್ಟೆ, ಒಂದು ಲೋಟ ಇದ್ದವು ಎಂದು ನನಗೆ ಆಮೇಲೆ ಗೊತ್ತಾಯಿತು. ಅವನು ಲೈನಿನ ತಿರುವಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಕಾಯುತ್ತಿದ್ದ ಎನ್ನುವುದೂ ಆಮೇಲೆ ಗೊತ್ತಾಯಿತು. ಆದರೆ ರಕ್ತದ ವಿಷಯ ಆ ಗಳಿಗೆಯಲ್ಲೇ ಗೊತ್ತಾಯಿತು, ಯಾಕಂದರೆ ನೀನು ಸ್ಪಷ್ಟವಾಗಿ ಹೇಳಿದೆ:

“ತಾಯೀ, ಮೊನ್ನೆಯಿಂದ ರಕ್ತ ಬತ್ತೈತೆ ನಮ್ಮೋರ್ಗೆ. ಗಂಜಿನೂ ಇಳೀತಿಲ್ಲ. ನೀವೇ ಏಳಿದ್ರಲ್ಲ, ರಕ್ತ ಬಂದ್ರೆ ಕರ್ಕೊಂಡೋಗ್ತೀನಿ ಅಂತ. ಕರ್ಕೊಂಡೋಗ್ರಮ್ಮಾ. ನಿಮ್ಮ ಕಾಲಿಗೆ ಬೀಳ್ತೀನಿ.”

ಡಾಕ್ಟರು ನನ್ನ ಮುಖ ನೋಡಿದರು. ಒಂಬತ್ತು ಜನವೂ ನೋಡಿದರು. ಅವರ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು, ಸಂತೋಷಕ್ಕೆ ಸಿದ್ಧವಾಗಿ ಕೂತಿದ್ದರು. ಈಗ ನಿಜ ಹೇಳಿದರೆ ನೀರು ಹೊತ್ತು ತಂದ ಕಥೆ ಏನಾಗಬೇಕು? ನನ್ನ ಶಕ್ತಿ ಏನಾಗಬೇಕು? ಒಂದು ವಾರದಿಂದ ಈ ಹುಡುಗಿ ನಮಗೆ ಸುಳ್ಳು ಹೇಳಿದ್ದಾಳೆ ಎಂದು… ಅಷ್ಟು ಯೋಚನೆಗೆ ಎಷ್ಟು ಹೊತ್ತು ಬೇಕು, ಅಕ್ಕ? ಎಂಜಲು ನುಂಗುವಷ್ಟು ಹೊತ್ತು.

“ಈಕೆಯ ಗಂಡ ಈಗ ಎದ್ದು ಓಡಾಡುತ್ತಿದ್ದಾನೆ,” ಅಂದೆ. “ದೇವರಿಗೂ ನಿಮಗೂ ಸ್ತೋತ್ರ ಹೇಳಲು ಬಂದಿದ್ದಾಳೆ.”

ಅವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಾಕ್ಟರು ಬಂದು ನಿನ್ನನ್ನು ಅಪ್ಪಿಕೊಂಡರು. ನೀನೂ ಅತ್ತೆ — ಒಪ್ಪಿದರು ಅಂದುಕೊಂಡು. ಯಾರೋ ಫೋಟೊ ತೆಗೆದರು. ಕೂತ ಜನ ಕನ್ನಡ ಬಲ್ಲವರೇ, ನೀನು ಕೇಳಿದ್ದು ಅವರಿಗೆ ಅರ್ಥವಾಗಿತ್ತು. ದೊರೆಸಾನಿ ಅಪ್ಪಿಕೊಂಡದ್ದು ನೋಡಿ ಅವರೂ ಒಪ್ಪಿದರೆಂದೇ ತಿಳಿದು ಕೈ ತಟ್ಟಿದರು. ನಡುವೆ ನಿಂತವಳಿಗೆ ಮಾತ್ರ ಎರಡೂ ಗೊತ್ತಿತ್ತು.

ಆಗಲೂ ದೇವರು ನನಗೆ ಇನ್ನೊಂದು ಬಾಗಿಲು ತೆರೆದ. ಡಾಕ್ಟರು ಗಂಟನ್ನು ಮುಟ್ಟಿ, “ಇದೇನು, ಎಲ್ಲಿಗೋ ಹೊರಟಿದ್ದಾಳಲ್ಲ?” ಎಂದು ಕೇಳಿದರು. ಒಂದೇ ಮಾತು ಸಾಕಿತ್ತು. ನಾನು, ತವರಿಗೆ ಹೊರಟಿದ್ದಾಳೆ ಅಂದೆ.

ಆಮೇಲೆ ನಿನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನಿನಗೆ ನೆನಪಿದ್ದೇ ಇರುತ್ತದೆ. “ವ್ಯಾನಿನಲ್ಲಿ ಜಾಗ ಆಗಲಿಲ್ಲವಂತೆ ಅಕ್ಕ. ಔಷಧಿ ಕಳಿಸುತ್ತಾರಂತೆ.” ನೀನು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡೆ. “ಆಗ್ಲಿ ಬಿಡಿ, ಪಾಪ, ಅವ್ರೇನ್ಮಾಡ್ತಾರೆ” ಅಂದೆ. ವ್ಯಾನು ಹೊರಟಾಗ ನಾನು ಗೇಟಿನಲ್ಲಿ ನಿಂತಿದ್ದೆ. ಜಾಗ ಖಾಲಿಯಾಗಿಯೇ ಇತ್ತು. ನಾವು ಹಾಕಿದ ಹಾರಗಳನ್ನೆಲ್ಲ ಆ ಸೀಟಿನ ಮೇಲೆ ರಾಶಿ ಹಾಕಿದ್ದರು.

ನಾನೇ ಕರೆದುಕೊಂಡು ಹೋಗಬಹುದಿತ್ತು. ರೈಲು ಗೊತ್ತಿತ್ತು, ಆಸ್ಪತ್ರೆಯ ಹೆಸರು ಗೊತ್ತಿತ್ತು, ರಜೆ ಇತ್ತು. ಅಯ್ಯನವರ ಕಾಲು ಹಿಡಿದು ನಿಜ ಹೇಳಬಹುದಿತ್ತು. ಹೇಳಿದರೆ — ಅದೇ ಹಳೆಯ ಭಯ. ಶಾಲೆ ಶುರುವಾದ ಮೇಲೆ ನೀನು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದೆ. “ಔಷ್ದಿ ಬಂತಾ ಟೀಚರಮ್ಮ?” ಬರುತ್ತದೆ ಅಕ್ಕ, ಹಡಗಿನಲ್ಲಿ ಬರಬೇಕಲ್ಲ, ತಡವಾಗುತ್ತದೆ — ಇದು ನನ್ನ ಉತ್ತರ. ನೀನು ಹಡಗು ನೋಡಿದವಳಲ್ಲ. ನಂಬಿದೆ.

ಒಂದು ಸೋಮವಾರ ಲಕ್ಷ್ಮಿ ಶಾಲೆಗೆ ಬರಲಿಲ್ಲ. ಯಾಕೆಂದು ಬೇರೆ ಮಕ್ಕಳು ಹೇಳಿದರು. ವೆಂಕಟಪ್ಪನ ಮಣ್ಣಿಗೆ ಬಂದೆ, ನಿನ್ನ ಪಕ್ಕ ಕೂತೆ, ನಿನ್ನ ಜೊತೆ ಅತ್ತೆ. ನೀನು ದೊರೆಸಾನಿಗೆ ಶಾಪ ಹಾಕಿದೆ — “ಮಾತು ಕೊಟ್ಟು ತಪ್ಪಿದ್ಲು, ಅವ್ಳ ಮನೆ ಆಳಾಗೋಗ.” ಸುತ್ತಲಿನ ಹೆಂಗಸರೂ ಹೂಂ ಅಂದರು. ನಾನು ನಿನ್ನ ಬೆನ್ನು ಸವರುತ್ತಿದ್ದೆ. ಕರೆದುಕೊಂಡು ಹೋಗಿದ್ದರೂ ಉಳಿಯುತ್ತಿದ್ದನೋ ಇಲ್ಲವೋ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಮಾತು ಹೇಳುವ ಹಕ್ಕು ಇದ್ದದ್ದು ಡಾಕ್ಟರಿಗೆ. ನನಗಲ್ಲ.

ಮುಂದಿನ ಕ್ರಿಸ್‌ಮಸ್ಸಿಗೆ ಅವರ ಸಭೆಯ ಪತ್ರಿಕೆ ಅಂಚೆಯಲ್ಲಿ ಬಂತು. ಅದರಲ್ಲಿ ನಿನ್ನ ಫೋಟೊ. ಗಂಟು ಕಂಕುಳಲ್ಲಿ, ಕೆನ್ನೆ ತುಂಬ ಕಣ್ಣೀರು. ಕೆಳಗೆ ಅಚ್ಚಾಗಿತ್ತು: ಗಂಡನಿಗೆ ವಾಸಿಯಾದ ಆನಂದದಲ್ಲಿ ಅಳುತ್ತಿರುವ ಹೆಣ್ಣುಮಗಳು. ಆ ಹೊತ್ತಿಗೆ ವೆಂಕಟಪ್ಪ ಸತ್ತು ನಾಲ್ಕು ತಿಂಗಳು. ಅಯ್ಯನವರು ಸಭೆಯಲ್ಲಿ ತೋರಿಸುತ್ತೇನೆ ಅಂದಾಗ, ಓದಿ ಕೊಡುತ್ತೇನೆ ಎಂದು ತೆಗೆದುಕೊಂಡು ಬಂದವಳು ವಾಪಸು ಕೊಡಲೇ ಇಲ್ಲ. ಅದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ನನ್ನ ಗಂಡನಿಗೂ ತೋರಿಸಿಲ್ಲ.

ಪ್ರತಿ ಭಾನುವಾರ ಮಕ್ಕಳಿಗೆ ಹತ್ತು ಆಜ್ಞೆ ಬಾಯಿಪಾಠ ಮಾಡಿಸುತ್ತಿದ್ದವಳು ನಾನು, ಮುನಿಯಕ್ಕ. ಸುಳ್ಳುಸಾಕ್ಷಿಯ ಆಜ್ಞೆ ಬಂದಾಗ ಮಾತ್ರ ಪಕ್ಕದ ಟೀಚರನ್ನು ಕರೆದು, ನೀವು ಮುಂದುವರಿಸಿ, ನನಗೆ ಗಂಟಲು ಕಟ್ಟಿದೆ ಎನ್ನುತ್ತಿದ್ದೆ. ಆ ಡಾಕ್ಟರಿಗೂ ಬರೆಯಲಿಲ್ಲ. ಅವರು ತೀರಿಕೊಂಡರೆಂದು ಕೇಳಿದೆ. ಮಾಡದ ತಪ್ಪಿಗೆ ನಿನ್ನ ಶಾಪ ಹೊತ್ತುಕೊಂಡೇ ಹೋದರು.

ಹೋದ ತಿಂಗಳು ಬಂಗಾರಪೇಟೆ ಸಂತೆಯಲ್ಲಿ ಲಕ್ಷ್ಮಿ ಸಿಕ್ಕಳು. ಮದುವೆಯಾಗಿ, ಹತ್ತಿರದ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ, ನೀನು ಅವಳ ಜೊತೆಗೇ ಇದ್ದೀಯ ಅಂದಳು. ಇನ್ನು ತಡೆಯಲಾಗಲಿಲ್ಲ. ಹೇಳಿಯೇಬಿಡಬೇಕೆಂದು ಶನಿವಾರ ಬಂದೆ. ದಾರಿಯುದ್ದಕ್ಕೂ ಮೊದಲ ಮಾತನ್ನು ಬಾಯಲ್ಲಿ ಉರು ಹೊಡೆದುಕೊಂಡು ಬಂದೆ.

ನೀನು ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಓಡಿಬಂದೆ. ತಲೆ ನರೆತಿದೆ, ಹಲ್ಲು ಎರಡು ಹೋಗಿವೆ. ಚಾಪೆ ಹಾಕಿದೆ. ಬೇಡ ಬೇಡ ಅಂದರೂ ಹಾಲು ಕಾಯಿಸಿ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟೆ. ಆಮೇಲೆ ಮೊಮ್ಮಗಳನ್ನು ಕರೆದು ನನ್ನ ಮುಂದೆ ನಿಲ್ಲಿಸಿ ಹೇಳಿದೆ:

“ಈಯಮ್ಮನ ಕಾಲಿಗೆ ಬೀಳಮ್ಮಿ. ನಿಮ್ಮ ತಾತನಿಗೋಸ್ಕರ ಅವತ್ತು ಅಷ್ಟು ಜನದ ಮುಂದೆ ಬಾಯಿಬಿಟ್ಟು ಕೇಳ್ದೋಳು ಈಯಮ್ಮ ಒಬ್ಳೇ.”

ಮಗು ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ನಾನು ಅದರ ತಲೆಯ ಮೇಲೆ ಕೈಯಿಟ್ಟೆ, ಅಕ್ಕ. ಕೈಯಿಟ್ಟು, ಕಾಫಿ ಪೂರ್ತಿ ಕುಡಿದು, ನೀನು ಕೊಟ್ಟ ಒಂದು ಬಾಟಲಿ ತುಪ್ಪವನ್ನೂ ತೆಗೆದುಕೊಂಡು ಬಸ್ಸು ಹತ್ತಿದೆ.

ತುಪ್ಪದ ಬಾಟಲಿಯ ಮುಚ್ಚಳ ತೆಗೆದಿಲ್ಲ. ನಿನಗೆ ಓದು ಬಾರದು, ಇದನ್ನು ಅಂಚೆಗೆ ಹಾಕಿದರೆ ಇನ್ನೊಬ್ಬರು ಓದಿ ನಿನಗೆ ಹೇಳಬೇಕು. ಅದು ಆಗಬಾರದು. ಈ ಶನಿವಾರ ನಾನೇ ಬರುತ್ತೇನೆ. ಬಾಗಿಲ ಹೊರಗೇ ನಿಂತು, ನೀನು ಚಾಪೆ ಹಾಕುವುದಕ್ಕೆ ಮೊದಲೇ ಇದನ್ನು ಓದುತ್ತೇನೆ. ಆ ಮಗುವೂ ಕೇಳಲಿ.