ಮರಗೆಣಸು ಬಸಿದ ನೀರು

ಅದು 1982ನೇ ಇಸವಿ. ಬರಗೂರಿನಿಂದ ಮದುವೆಯಾಗಿ ಮಿಡಿಗೇಶಿಗೆ ಬಂದು ವರ್ಷವಾಗಿತ್ತು. ನಾನು ಏಳು ತಿಂಗಳ ಬಸುರಿ. ನಮ್ಮ ಯಜಮಾನರು ಮಧುಗಿರಿಯ ಬಟ್ಟೆ ಅಂಗಡಿಗೆ ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದುದು. ಹಗಲೆಲ್ಲ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ನಾನೋ ಕೂತಲ್ಲಿ ಕೂರದವಳು, ಬಾಯಿಯೂ ಸುಮ್ಮನಿರದು. ಅತ್ತೆ ಒಂದೇ ಬೆಂಕಿಕಡ್ಡಿಯಲ್ಲಿ ಒಲೆ, ದೀಪ ಎರಡನ್ನೂ ಹಚ್ಚುವ ಪೈಕಿ. ನಮ್ಮ ನಡುವೆ ಜಗಳವಿರಲಿಲ್ಲ, ಹಾಗಂತ ಸಲುಗೆಯೂ ಇರಲಿಲ್ಲ.

ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವರು ಕೇರಳದ ನರ್ಸಮ್ಮ. ಹೆಸರು ಮೇರಿ. ತಮ್ಮ ಊರಿನಿಂದ ಮರಗೆಣಸಿನ ಕಡ್ಡಿಗಳನ್ನು ತಂದು ಹಿತ್ತಲಲ್ಲಿ ನೆಟ್ಟಿದ್ದರು. ಗಿಡ ಆಳೆತ್ತರ ಬೆಳೆದಾಗ ಅತ್ತೆ, "ಇದೇನಮ್ಮ, ಔಡಲ ಗಿಡ ಇದ್ದಂಗೈತೆ. ಇದ್ರ ಬೇರು ತಿಂತಾರಂತೆ!" ಎಂದು ಮೂಗು ಮುರಿದಿದ್ದರು. ನಮ್ಮ ಕಡೆ ಗೆಣಸೆಂದರೆ ಸಿಹಿಗೆಣಸು ಮಾತ್ರ.

ಒಂದು ಬೆಳಿಗ್ಗೆ ಮೇರಿಯಮ್ಮ ಗೆಣಸು ಕಿತ್ತು ಮೊರದ ತುಂಬ ತಂದುಕೊಟ್ಟರು. "ಸಿಪ್ಪೆ ದಪ್ಪ ತೆಗೀಬೇಕು. ನೀರು ಜಾಸ್ತಿ ಹಾಕಿ ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿಬಿಡಿ. ಒಗ್ಗರಣೆ ಹಾಕಿ ಇವಳಿಗೆ ಕೊಡಿ, ಹೊಟ್ಟೆ ತುಂಬತ್ತೆ, ಮೈಗೆ ಶಕ್ತಿ ಬರತ್ತೆ" ಎಂದು ಹೇಳಿ, ಮಕ್ಕಳಿಗೆ ಚುಚ್ಚುಮದ್ದು ಹಾಕಲು ಐ.ಡಿ.ಹಳ್ಳಿಗೆ ಬಸ್ಸು ಹತ್ತಿದರು.

ಅವರು ಅತ್ತ ಹೋದದ್ದೇ ತಡ, ಅತ್ತೆ ಶುರು ಮಾಡಿದರು. "ನೀರು ಚೆಲ್ಲಬೇಕಂತೆ! ಸತ್ವ ಎಲ್ಲಾ ಅದ್ರಾಗೇ ಐತೆ ಕಣಮ್ಮ. ಕಟ್ಟು ಚೆಲ್ಲಿದ ಮನೆ ಉದ್ಧಾರ ಆಗಿದ್ದ ನಾ ಕಾಣೆ."

ಬಸ್ಸಾರಿನ ಸೀಮೆ ನಮ್ಮದು. ಸೊಪ್ಪು ಬೇಯಿಸಲಿ, ಕಾಳು ಬೇಯಿಸಲಿ, ಬಸಿದ ನೀರಿನಲ್ಲೇ ಸಾರು. ಆ ನೀರಿಗೇ ಕಟ್ಟು ಅನ್ನುವುದು. ಜ್ವರ ಬಿಟ್ಟವರಿಗೆ, ನಿತ್ರಾಣದವರಿಗೆ ಬೆಳ್ಳುಳ್ಳಿ ಮೆಣಸು ಹಾಕಿ ಕುಡಿಸುವುದೂ ಅದನ್ನೇ. ತವರಿನಲ್ಲೂ ಅದನ್ನು ಚೆಲ್ಲಿದ್ದು ನಾನು ನೋಡಿರಲಿಲ್ಲ. ಆದ್ದರಿಂದ ಅತ್ತೆಯ ಮಾತು ನನಗೂ ಸರಿಯೆನ್ನಿಸಿತು.

ಅತ್ತೆ ನೀರನ್ನು ಬಸಿದಿಟ್ಟುಕೊಂಡು, ಬೆಂದ ಗೆಣಸಿಗೆ ಈರುಳ್ಳಿ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ಕೊಟ್ಟರು. ಹೊಟ್ಟೆ ತುಂಬ ತಿಂದೆ. ಅಷ್ಟರಲ್ಲಿ ಒಲೆಯ ಮೇಲೆ ಕಟ್ಟು ಕುದಿಯತೊಡಗಿತು. ಬೆಳ್ಳುಳ್ಳಿ, ಮೆಣಸಿನ ಘಮಕ್ಕೆ ಬಾಯಲ್ಲಿ ನೀರೂರಿತು. "ಅತ್ತೆ, ನನಗೊಂದು ಲೋಟ" ಎಂದೆ. "ಆಮ್ಯಾಕೆ ಕೊಡ್ತೀನಿ, ಮೊದ್ಲು ಇತ್ಲಾಗಿರೋ ಬಟ್ಟೆ ತತ್ತಾ ಓಗು" ಎಂದರು. ಹಿತ್ತಲಿಂದ ಬಟ್ಟೆ ತಂದು ನೋಡಿದರೆ ಪಾತ್ರೆ ತೊಳೆದು ಬೋರಲು ಹಾಕಿದೆ! "ಮುಗೀತು ಬುಡು" ಎಂದಷ್ಟೇ ಹೇಳಿ ಅತ್ತ ತಿರುಗಿದರು. ನನಗೆ ಮೈಯೆಲ್ಲ ಉರಿಯಿತು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಒಂದು ಗುಟುಕೂ ಉಳಿಸದೆ ಕುಡಿಯುವುದೇ? ಯಜಮಾನರು ಬರಲಿ, ಹೇಳಿಯೇ ಬಿಡುತ್ತೇನೆಂದು ಗೋಡೆಗೊರಗಿ ಮುಖ ಊದಿಸಿಕೊಂಡು ಕೂತೆ.

ಸಿಟ್ಟು ಆರುವ ಮೊದಲೇ ಅತ್ತೆ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡರು. "ತಲೆ ತಿರುಗ್ತೈತೆ, ಎದೆ ಒತ್ತಿದಂಗೆ ಆಗ್ತೈತೆ" ಎಂದು ಕಂಬ ಹಿಡಿದವರು ಅಲ್ಲೇ ಕುಸಿದರು. ಕೈಕಾಲು ತಣ್ಣಗಾಗಿದ್ದವು. ಬೀದಿಗೆ ಬಂದು ಕೂಗಿದೆ. ಕಡಲೆಕಾಯಿ ಕಳೆ ತೆಗೆಯುವ ದಿನಗಳು, ಕೇರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗೆ ಓಡಿ ಅತ್ತೆಯ ಮುಖಕ್ಕೆ ನೀರು ಚಿಮುಕಿಸುವುದು, ಮತ್ತೆ ರಸ್ತೆಗೆ ಬಂದು ಬಸ್ಸು ಬಂತೇ ಎಂದು ನೋಡುವುದು. ದೂರದಲ್ಲಿ ಧೂಳೆದ್ದರೆ ಬಸ್ಸೆಂದುಕೊಳ್ಳುತ್ತಿದ್ದೆ; ನೋಡಿದರೆ ಕುರಿಮಂದೆ. ಆಗ ಇದ್ದಕ್ಕಿದ್ದಂತೆ ನೆನಪಾಯಿತು. ಆ ಗೆಣಸನ್ನು ನಾನೂ ತಿಂದಿದ್ದೇನಲ್ಲ! ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಬೆಳಿಗ್ಗೆಯೆಲ್ಲ ಒದೆಯುತ್ತಿದ್ದ ಮಗು ಸುಮ್ಮನಿತ್ತು. "ಒಂದ್ಸಲ ಒದಿಯೋ ನಮ್ಮಪ್ಪ" ಎಂದು ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿಯೇ ಬೇಡಿಕೊಂಡೆ.

ಕೊನೆಗೂ ಬಸ್ಸು ಬಂತು. ಇಳಿದ ಮೇರಿಯಮ್ಮನ ಕೈ ಹಿಡಿದು ಅತ್ತೆಯ ಸ್ಥಿತಿ ಹೇಳಿದೆ. ಅವರು ಕೇಳಿದ ಮೊದಲ ಮಾತೇ, "ಗೆಣಸು ಬೇಯಿಸಿದ ನೀರು ಏನು ಮಾಡಿದ್ರಿ?"

"ಅತ್ತೆ ಕುಡಿದುಬಿಟ್ಟರು."

"ನೀನು?"

"ನನಗೆ ಕೊಡಲೇ ಇಲ್ಲ." ಅಂಥ ಹೊತ್ತಿನಲ್ಲೂ ನನ್ನ ದನಿಯಲ್ಲಿ ದೂರಿತ್ತು.

"ದೇವರೇ, ಒಳ್ಳೇದಾಯ್ತು" ಎಂದವರೇ ಹೊರಟಿದ್ದ ಬಸ್ಸನ್ನು ಬಡಿದು ನಿಲ್ಲಿಸಿದರು. ಕಂಡಕ್ಟರೂ ಇನ್ನೊಬ್ಬರೂ ಬಂದು ಅತ್ತೆಯನ್ನು ಎತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಮಧುಗಿರಿಯವರೆಗೂ ಡ್ರೈವರು ಎಲ್ಲೂ ನಿಲ್ಲಿಸಲಿಲ್ಲ, ಇಳಿಯಬೇಕಾದವರೂ ತುಟಿ ಬಿಚ್ಚಲಿಲ್ಲ. ದಾರಿಯಲ್ಲಿ ಮೇರಿಯಮ್ಮ ಹೇಳಿದರು: ಈ ಗೆಣಸಿನಲ್ಲಿ ಒಂಥರಾ ನಂಜಿರುತ್ತದೆ, ಬೇಯಿಸಿದಾಗ ನೀರಿಗಿಳಿಯುತ್ತದೆ, ಅದಕ್ಕೇ ಚೆಲ್ಲುವುದು, ಮಳೆಯಿಲ್ಲದ ನೆಲದಲ್ಲಿ ಬೆಳೆದದ್ದಕ್ಕೆ ನಂಜು ಇನ್ನೂ ಹೆಚ್ಚು. ಅದೇ ಬಸ್ಸಿನ ಕುಲುಕಾಟದಲ್ಲಿ ಮಗು ಒದೆಯಿತು. ನಾನು ಅಳುವುದಕ್ಕೆ ಶುರು ಮಾಡಿದೆ.

ಆಸ್ಪತ್ರೆಯಲ್ಲಿ ಗ್ಲೂಕೋಸು ಹಾಕಿದರು, ಇಂಜೆಕ್ಷನ್ ಕೊಟ್ಟರು. ಸುದ್ದಿ ಮುಟ್ಟಿ ಯಜಮಾನರೂ ಅಂಗಡಿಯಿಂದ ಓಡಿ ಬಂದರು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. ಜೀವಕ್ಕೇನೂ ಭಯವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ನನಗೊಂದು ಗುಟುಕೂ ಬಿಡದೆ ಅಷ್ಟನ್ನೂ ಯಾಕೆ ಕುಡಿದಿರಿ ಅತ್ತೆ?" ಎಂದು ಕೇಳಿಯೇ ಬಿಟ್ಟೆ.

ಅತ್ತೆ ಸೂರು ನೋಡುತ್ತಾ ಮೆಲ್ಲಗೆ ಹೇಳಿದರು. "ನಿಂಗೆ ಕೊಡಾಕ್ ಮುಂಚೆ ಬಾಯಿಗಾಕ್ಕಂಡು ನೋಡಿದೆ, ನಾಲ್ಗೆಗೆ ಒಸಿ ಕಯಿ ಕಯಿ ಅಂತು. ಬಸ್ರಿ ಎಂಗ್ಸು, ಎಚ್ಚುಕಮ್ಮಿ ಆದ್ರೆ ಅಂತ ನಿಂಗೆ ಕೊಡಾಕೆ ಮನ್ಸು ಬರ್ಲಿಲ್ಲ. ಚೆಲ್ಲಾಕೂ ಕೈ ಬರ್ಲಿಲ್ಲ. ಕುಡಿದ್ಬುಟ್ಟೆ."

ಅವರ ಕಾಲಿನ ಹತ್ತಿರ ಕೂತು ಹೊದಿಕೆ ಸರಿಮಾಡಿದೆ.

ಮುಂದೆ ಮಗಳು ಹುಟ್ಟಿದಳು. ಮೇರಿಯಮ್ಮ ಮತ್ತೆ ಗೆಣಸು ಕೊಟ್ಟಾಗ ಅತ್ತೆ ತಾವೇ ನೀರನ್ನು ಬಚ್ಚಲಿಗೆ ಸುರಿದರು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು. ಈಗ ಅವರಿಲ್ಲ, ನಾನೂ ಅತ್ತೆಯಾಗಿದ್ದೇನೆ. ಮರಗೆಣಸು ಸಿಕ್ಕರೆ ತರುತ್ತೇನೆ, ನೀರು ಚೆಲ್ಲುತ್ತೇನೆ, ಚೆಲ್ಲುವಾಗ ನನ್ನ ಕೈಯೂ ಒಂದು ಗಳಿಗೆ ತಡೆಯುತ್ತದೆ. ಬೋರಲು ಹಾಕಿದ್ದ ಆ ಪಾತ್ರೆ ಕಣ್ಣಮುಂದೆ ಬರುತ್ತದೆ. ನನ್ನ ಪಾಲನ್ನು ಕುಡಿದುಬಿಟ್ಟರೆಂದು ಎಷ್ಟು ಸಿಟ್ಟಾಗಿದ್ದೆ! ನಿಜ, ಅವರು ಕುಡಿದದ್ದು ನನ್ನ ಪಾಲನ್ನೇ.