ಶನಿವಾರದ ಡಾಕ್ಟರ ಬೆಂಚು

ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಮೂವತ್ತೊಂದು ತುಂಬಿದಾಗ, ಶಿರಸಿ ಪೇಟೆಯಲ್ಲಿ ಒಬ್ಬ ಗಂಡಸಿನ ಪಕ್ಕ ಎರಡು ತಾಸು ಕೂರಲು ನನಗೆ ಸಿಕ್ಕಿದ್ದು ಒಂದೇ ಜಾಗ. ಅದು ದವಾಖಾನೆಯ ಬೆಂಚು. ಹೋಟೆಲಿಗೆ ಹೋದರೆ ಗಲ್ಲಾದ ಮೇಲೆ ಕೂತವರು ಅಪ್ಪಯ್ಯನ ಪರಿಚಯದವರು. ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ "ಯಾರ ಮನೆ ಕೂಸೆ ನೀನು?" ಎಂದು ಕೇಳುವವರು ಒಬ್ಬರಾದರೂ ಸಿಗುತ್ತಿದ್ದರು.

ನಾನು ಯಲ್ಲಾಪುರದ ದೂರವಾಣಿ ಕಚೇರಿಯಲ್ಲಿ ಗುಮಾಸ್ತೆ. ಅವರು ಮುಂಡಗೋಡ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರು, ನಮ್ಮ ಜಾತಿಯವರಲ್ಲ. ಶನಿವಾರ ಮಧ್ಯಾಹ್ನ ಇಬ್ಬರಿಗೂ ಬಿಡುವು. ಆ ದವಾಖಾನೆಗೆ ಶನಿವಾರ ಮಾತ್ರ ಹುಬ್ಬಳ್ಳಿಯಿಂದ ಫಿಟ್ಸ್ ಮತ್ತು ಮಾನಸಿಕ ಕಾಯಿಲೆಯ ಡಾಕ್ಟರು ಬರುತ್ತಿದ್ದರು. ಅಲ್ಲಿಗೇ ಹೋಗೋಣ ಎಂದು ಲೆಕ್ಕ ಹಾಕಿದವಳು ನಾನು. ನಮ್ಮವರು ಇಂಥ ಕಾಯಿಲೆಯನ್ನು ಶಿರಸಿಯಲ್ಲಿ ತೋರಿಸುವುದಿಲ್ಲ, ಯಾರ ಕಣ್ಣಿಗೂ ಬೀಳದಂತೆ ದೂರ ಕರೆದೊಯ್ಯುತ್ತಾರೆ. ಹಾಗಾಗಿ ಅಲ್ಲಿ ನಮ್ಮವರು ಯಾರೂ ಇರುವುದಿಲ್ಲ.

"ಈ ಬೆಂಚಿನ ಮ್ಯಾಲೆ ಶಾಣ್ಯಾರು ಅಂದ್ರ ನಾವಿಬ್ಬರ ನೋಡ್ರಿ," ಎನ್ನುತ್ತಿದ್ದರು ಅವರು. ಕಡೆಯ ನಂಬರಿನ ಚೀಟಿ ತೆಗೆದುಕೊಂಡು, ನಾನು ತಂದ ಅವಲಕ್ಕಿ ತಿಂದು, ನಂಬರು ಬರುವ ಮೊದಲೇ ಎದ್ದು ಹೋಗುತ್ತಿದ್ದೆವು. ನಾನು ನಗುತ್ತಿದ್ದುದು ಕಡಿಮೆ. ಬಾಗಿಲಿನಲ್ಲಿ ನೆರಳು ಬಿದ್ದಾಗೆಲ್ಲ ತಲೆ ತಗ್ಗಿಸುತ್ತಿದ್ದೆ.

ಮನೆಯಲ್ಲಿ ಜಾತಕಗಳ ಓಡಾಟ ನಡೆದೇ ಇತ್ತು. ಉಪನಯನದ ಮನೆಯೊಂದರಲ್ಲಿ ದೊಡ್ಡಾಯಿ ಹತ್ತು ಜನರ ಮುಂದೆ, "ಮೂವತ್ತು ದಾಟ್ತು, ಇನ್ನೂ ಟೆಲಿಫೋನ್ ಜೊತಿಗೇ ಸಂಸಾರವನೇ ತಂಗಿ?" ಎಂದು ಕೇಳಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಜಾತಕ ಒಂದು ಕಡೆಯಿಂದ ವಾಪಸ್ ಬಂತು. ಕೂಡಿಬರಲಿಲ್ಲವಂತೆ. ನನಗೆ ಒಳಗೊಳಗೇ ನಿರಾಳವಾಯಿತು. ಆದರೆ ಅದರ ಹಿಂದೆಯೇ, ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿಯ ಜಾತಕವೂ ಎರಡು ಮನೆಗಳಿಂದ ವಾಪಸ್ ಬಂತು. ಎರಡೂ ಕಡೆ ಹುಡುಗನ ಮನೆಯವರೇ ಬಂದು ನೋಡಿ, ಒಪ್ಪಿ, ಊಟ ಮಾಡಿ ಹೋಗಿದ್ದರು.

ಕಾರಣ ನನಗೆ ತಿಳಿದದ್ದು ಒಂದು ಶುಕ್ರವಾರ ಸಂಜೆ. ಹೆತ್ತ ಆಯಿ ಹೇಳದೆ ಕೇಳದೆ ನಮ್ಮೂರು ಹೆಗಡೆಕಟ್ಟಾದಿಂದ ನನ್ನ ಬಾಡಿಗೆ ಕೋಣೆಗೆ ಬಂದಳು. ಚೀಲ ಕೆಳಗಿಟ್ಟು ನನ್ನ ಕಣ್ಣ ರೆಪ್ಪೆ ಎಳೆದು ನೋಡಿದಳು, ಹಣೆ ಮುಟ್ಟಿದಳು.

"ಎಷ್ಟು ದಿವ್ಸಾತು?"

"ಎಂತದು ಆಯಿ?"

"ಮುಚ್ಚಿಡಡ. ಶನಿವಾರ ಶನಿವಾರ ಹುಚ್ಚಿನ ಡಾಕ್ಟ್ರ ಹತ್ರ ಹೋಗ್ತಡ ನಿಮ್ಮ ಕೂಸು, ಹೇಳಿ ಊರೆಲ್ಲ ಹೇಳ್ತಾ ಇದ್ದ. ಎಂಗೆ ಮಾತ್ರ ನೀನು ಹೇಳಿದ್ದಿಲ್ಲೆ. ನಾಳೆ ನಿನ್ನ ಜೊತಿಗೆ ಆನೂ ಬತ್ತೆ."

ರಾತ್ರಿಯಿಡೀ ಅವಳು ನನ್ನ ಕೈ ಬಿಡಲಿಲ್ಲ. ಸುದ್ದಿ ಕಿವಿಗೆ ಬಿದ್ದ ಮೂರು ವಾರದಿಂದ ಹೀಗೇ ನಿದ್ದೆಗೆಟ್ಟಿದ್ದಳಂತೆ. ಕಾಯಿಲೆಯಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಇಲ್ಲವೆಂದರೆ ಮತ್ತೆ ಅಲ್ಲಿಗೆ ಹೋಗುತ್ತಿದ್ದುದು ಯಾಕೆಂದು ಹೇಳಬೇಕಾಗುತ್ತಿತ್ತು. ಮಾಸ್ತರರಿಗೆ ಸುದ್ದಿ ಮುಟ್ಟಿಸೋಣವೆಂದರೆ ಅವರ ಶಾಲೆಯಲ್ಲಿ ಫೋನಿರಲಿಲ್ಲ. ಇಡೀ ತಾಲೂಕಿನ ಫೋನುಗಳ ನಡುವೆ ಕೂತು ಕೆಲಸ ಮಾಡುವವಳು ನಾನು.

ಮರುದಿನ ಬಸ್ಸಿನಲ್ಲಿ, ಅವರಿಗೆ ಜ್ವರವಾದರೂ ಬಂದಿರಲಿ ಎಂದು ಬೇಡಿಕೊಂಡೆ. ಅವರು ಬಂದಿದ್ದರು. ಪಕ್ಕದಲ್ಲಿ ಚೀಲವಿಟ್ಟು ನನಗೆಂದು ಜಾಗ ಹಿಡಿದಿದ್ದರು. ನನ್ನನ್ನು ನೋಡಿ ರೂಢಿಯಂತೆ ಚೀಲ ಸರಿಸಿದರು. ಆ ಜಾಗದಲ್ಲಿ ಆಯಿ ಕೂತಳು. ನಾನು ಅವಳ ಆಚೆ ಬದಿಗೆ ಕೂತು ನೆಲ ನೋಡತೊಡಗಿದೆ.

ಆಯಿ ಪಕ್ಕದವರನ್ನು ಕನಿಕರದಿಂದ ಕೇಳಿದಳು, "ನಿಮಗೆ ಎಂತ ತ್ರಾಸು?"

"ನನಗೇನ್ ತ್ರಾಸ ಇಲ್ರಿ ಅಮ್ಮಾರ," ಎಂದರು ಅವರು.

ಅಷ್ಟರಲ್ಲಿ ಕಂಪೌಂಡರ್ ಬಂದ. ನನಗೂ ಅವರಿಗೂ ಒಟ್ಟಿಗೇ ಚೀಟಿ ಚಾಚಿ, "ಇವತ್ತರ ಡಾಕ್ಟರಿಗೆ ತೋರಸ್ತೀರೋ, ಇಬ್ಬರೂ ಹಂಗ ಎದ್ದು ಹೋಗ್ತೀರೋ?" ಎಂದು ನಕ್ಕ.

ಆಯಿ ನನ್ನತ್ತ ತಿರುಗಲಿಲ್ಲ. ಅವಳ ಕಣ್ಣು ಅವರ ಚೀಲದ ಮೇಲೆ ನಿಂತಿತ್ತು. ಬಾಯಿ ತೆರೆದ ಚೀಲದಲ್ಲಿ, ಹಿಂದಿನ ವಾರ ನಾನು ಅವಲಕ್ಕಿ ಹಾಕಿ ಕೊಟ್ಟ ಸ್ಟೀಲು ಡಬ್ಬಿ. ನಮ್ಮ ಮನೆಯ ಎಲ್ಲ ಪಾತ್ರೆಗಳಂತೆ ಅದರ ಮುಚ್ಚಳದ ಮೇಲೂ ಅಪ್ಪಯ್ಯನ ಹೆಸರು ಕೊರೆಸಿತ್ತು. ಆಯಿ ಡಬ್ಬಿಯನ್ನು ಮೆಲ್ಲಗೆ ಎತ್ತಿಕೊಂಡು ಆ ಹೆಸರಿನ ಮೇಲೆ ಬೆರಳಾಡಿಸಿದಳು. ಅವಳು ಅಲ್ಲೇ ಕೂಗಿ ರಂಪ ಮಾಡುತ್ತಾಳೆ ಎಂದುಕೊಂಡು ನಾನು ಬೆಂಚಿನ ಅಂಚು ಹಿಡಿದು ಕೂತೆ.

"ಕಾಯ್ಲೆ ಇಲ್ಲೆ?" ಎಂದು ಕೇಳಿದಳು ಆಯಿ.

"ಇಲ್ಲೆ."

ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟಳು. ಮತ್ತೆ ತೆರೆದಾಗ ಆ ಕಣ್ಣಲ್ಲಿ ಸಿಟ್ಟಿತ್ತು. "ಹಂಗಾರೆ ಯಾವ್ದು ಹೇಳ್ತೆ, ನೀನೇ ಹೇಳು. ಕಾಯ್ಲೆ ಹೇಳಿ ಸುಮ್ಮನಿದ್ರೆ ತಂಗಿ ಮನೇಲೇ ಉಳೀತು. ಕಾಯ್ಲೆ ಅಲ್ಲ ಹೇಳದಾದ್ರೆ ಇದನ್ನ ನೀನೇ ಹೇಳವು. ಅಪ್ಪಯ್ಯಂಗೆ ಆನು ಹೇಳ್ತ್ನಿಲ್ಲೆ."

ಅವರು ಎದ್ದು ನಿಂತು, "ನಾನೂ ಬರ್ತೀನ್ರಿ," ಎಂದರು.

"ನೀವು ಇವತ್ತು ಬರಡಿ," ಎಂದು ಕೈ ಅಡ್ಡ ಹಿಡಿದಳು ಆಯಿ. ಸಿಟ್ಟಿನಲ್ಲೂ ಅವರಿಗೆ 'ನೀವು' ಎಂದಿದ್ದಳು.

ಅಂದು ಸಂಜೆ ಊರಿನ ಮನೆಯ ಜಗುಲಿಯಲ್ಲಿ ಕೂತಿದ್ದ ಅಪ್ಪಯ್ಯನ ಮುಂದೆ ನಿಂತು ಹೇಳಿದೆ. ಮೊದಲು ದವಾಖಾನೆ, ಆಮೇಲೆ ಮಾಸ್ತರು, ಕೊನೆಗೆ ಜಾತಿ. ಒಳಬಾಗಿಲಲ್ಲಿ ತಂಗಿ ನಿಂತಿದ್ದಳು. ಅಪ್ಪಯ್ಯ ಎದ್ದು ಒಳಗೆ ಹೋದ. ಊಟಕ್ಕೂ ನನ್ನ ಸಾಲಿನಲ್ಲಿ ಕೂರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅಪ್ಪಯ್ಯ ಎರಡು ಪೋಸ್ಟ್ ಕಾರ್ಡು ತಂದು ಕೈಗಿತ್ತ. "ಡಬ್ಬಿಗೆ ಹಾಕು," ಎಂದಷ್ಟೇ ಹೇಳಿದ. ಮದುವೆಯ ಮಾತನ್ನು ಅಪ್ಪಯ್ಯ ಯಾವತ್ತೂ ಲಕೋಟೆ ಅಂಟಿಸಿಯೇ ಬರೆಯುತ್ತಿದ್ದ. ಈ ಸಲ ಪೋಸ್ಟಿನವನಿಂದ ಹಿಡಿದು ದಾರಿಯಲ್ಲಿ ಸಿಕ್ಕವರೆಲ್ಲ ಓದಬಹುದಾದ ಕಾರ್ಡು. ಬಸ್ಸಿನಲ್ಲಿ ನಾನೂ ಓದಿದೆ. ತಂಗಿಯನ್ನು ಬೇಡವೆಂದ ಎರಡೂ ಮನೆಗಳಿಗೆ ಒಂದೇ ಒಕ್ಕಣೆ: "ನಮ್ಮ ಹಿರೇ ಮಗಳಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಅವಳು ಬೇರೆ ಜಾತಿಯ ಮಾಸ್ತರರೊಬ್ಬರನ್ನು ಮದುವೆಯಾಗುವವಳಿದ್ದಾಳೆ. ಇದನ್ನು ತಿಳಿದು ಕಿರಿಯವಳ ವಿಚಾರ ಮಾಡುವುದು."

ಮದುವೆ ಎಂಬ ಮಾತನ್ನು ನಾವಿಬ್ಬರೂ ಅಲ್ಲಿಯವರೆಗೆ ಬಾಯಿಬಿಟ್ಟು ಆಡಿರಲಿಲ್ಲ.

ಮುಂದೆ ಅವುಗಳಲ್ಲೇ ಒಂದು ಮನೆಯಿಂದ ಉತ್ತರ ಬಂತು, ತಂಗಿ ಆ ಮನೆಯನ್ನೇ ಸೇರಿದಳು. ಆದರೆ ಅಂದು ಯಲ್ಲಾಪುರದ ಪೋಸ್ಟಿನ ಕೆಂಪು ಡಬ್ಬಿಯ ಮುಂದೆ ನಿಂತಾಗ ಅದೊಂದೂ ಗೊತ್ತಿರಲಿಲ್ಲ. ಕಚೇರಿಗೆ ತಡವಾಗುತ್ತಿತ್ತು. ಕೈ ಜಾರಿ ಮೊದಲ ಕಾರ್ಡು ಕೆಳಗೆ ಬಿತ್ತು. ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿ, ಎರಡನ್ನೂ ಒಟ್ಟಿಗೆ ಹಾಕಿದೆ.